ಲ್ಯಾಪ್‌ಟಾಪಿಗೊಂದು ಮಾನಿಟರ್: ಕತ್ತು, ಕಣ್ಣು, ಕೈ ಉಳಿಸಿಕೊಳ್ಳುವ ಪಾಠ



ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ದುಬಾರಿ ವಸ್ತು ಎಂದರೆ ಜಾಗ. ಮುಂಬೈಯ ಒನ್ ಬಿಎಚ್‌ಕೆ ಆಗಲಿ, ಪುಣೆ, ಚೆನ್ನೈ, ಹೈದರಾಬಾದಿನ ಬಾಡಿಗೆ ಫ್ಲ್ಯಾಟ್ ಆಗಲಿ, ಊಟದ ಮೇಜೇ ಆಫೀಸು, ಮಂಚವೇ ಟ್ಯೂಷನ್ ಕ್ಲಾಸು. ಇಂಥ ಮನೆಗೆ ಲ್ಯಾಪ್‌ಟಾಪ್ ಹೇಳಿ ಮಾಡಿಸಿದ ಹಾಗಿದೆ. ಕೆಲಸ ಮುಗಿದ ಮೇಲೆ ಮಡಚಿ ಬೀರುವಿನಲ್ಲಿ ಇಟ್ಟರೆ ಅದೇ ಮೇಜಿನ ಮೇಲೆ ತಟ್ಟೆ ಹಾಕಬಹುದು.

ಆದರೆ ಹತ್ತಿಪ್ಪತ್ತು ನಿಮಿಷದ ಕೆಲಸಕ್ಕೆ ಸರಿಹೋಗುವ ಈ ಯಂತ್ರವನ್ನು ನಾವು ದಿನಕ್ಕೆ ಎಂಟು ಹತ್ತು ಗಂಟೆ ಬಳಸುತ್ತಿದ್ದೇವೆ. ಸಂಜೆಗೆ ಕುತ್ತಿಗೆ ಬಿಗಿತ, ಹೆಗಲಲ್ಲಿ ಸೆಳೆತ, ಕಣ್ಣುರಿ, ರಾತ್ರಿ ಮಲಗಿದಾಗ ಬೆರಳುಗಳಲ್ಲಿ ಜೋಮು. ‘ವಯಸ್ಸಾಯಿತು’ ಎಂದು ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಇಪ್ಪತ್ತೆಂಟರ ಮಗನಿಗೂ ಇದೇ ನೋವು ಇದೆ ಎಂದಾಗ ಮಾತ್ರ ಅದು ವಯಸ್ಸಿನದಲ್ಲ, ಕೂರುವ ರೀತಿಯದು ಎಂದು ಹೊಳೆಯುತ್ತದೆ.

ಲ್ಯಾಪ್‌ಟಾಪನ್ನೇ ಮೇಜಿನ ಕಂಪ್ಯೂಟರಿನಂತೆ ಮಾಡಿಕೊಳ್ಳುವುದು ಹೇಗೆ, ಅದರಿಂದ ದೇಹಕ್ಕೆ ಏನು ಲಾಭ, ಮಾನಿಟರ್ ಕೊಂಡ ಮೇಲೂ ನೋವು ಹೋಗದಿದ್ದರೆ ತಪ್ಪು ಎಲ್ಲಿದೆ, ಯಾವಾಗ ವೈದ್ಯರ ಬಳಿ ಹೋಗಲೇಬೇಕು ಎಂಬುದು ಇಂದಿನ ಪಾಠ. ಸ್ವಲ್ಪ ಉದ್ದವಿದೆ. ನಿಧಾನವಾಗಿ ಓದಿ, ಓದುತ್ತಲೇ ನಿಮ್ಮ ಮೇಜನ್ನೂ ಒಮ್ಮೆ ನೋಡಿ.

*1. ಮೂಲ ತೊಂದರೆ ಎಲ್ಲಿದೆ?*

ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಬೋರ್ಡ್ ಒಂದಕ್ಕೊಂದು ಅಂಟಿಕೊಂಡಿವೆ. ತೊಂದರೆಯೆಲ್ಲ ಇರುವುದು ಇಲ್ಲೇ.

ಕೈಗೆ ಹಿತವಾಗಬೇಕಾದರೆ ಕೀಬೋರ್ಡ್ ಮೊಣಕೈ ಮಟ್ಟದಲ್ಲಿ ಇರಬೇಕು. ಕುತ್ತಿಗೆಗೆ ಹಿತವಾಗಬೇಕಾದರೆ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಇರಬೇಕು. ನಮ್ಮ ಮೊಣಕೈಗೂ ಕಣ್ಣಿಗೂ ನಡುವೆ ಒಂದೂವರೆ ಅಡಿಯಷ್ಟು ಅಂತರವಿದೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರೆ ಕೈ ಗೆಲ್ಲುತ್ತದೆ, ಕುತ್ತಿಗೆ ಸೋಲುತ್ತದೆ. ಪುಸ್ತಕ ಪೇರಿಸಿ ಮೇಲೆತ್ತಿದರೆ ಕುತ್ತಿಗೆ ಗೆಲ್ಲುತ್ತದೆ, ಕೈ ಸೋಲುತ್ತದೆ. ಹೇಗೆ ಇಟ್ಟರೂ ದೇಹದ ಒಂದು ಭಾಗ ಅದರ ಬೆಲೆ ತೆರಲೇಬೇಕು.

ಪುಸ್ತಕದಂತೆ ಮಡಚುವ ಲ್ಯಾಪ್‌ಟಾಪ್ ಗ್ರಿಡ್ ಕಂಪಾಸ್ ಎಂಬ ಹೆಸರಿನಲ್ಲಿ ಬಂದದ್ದು 1982ರಲ್ಲಿ. ಓಡಾಡುವವರಿಗಾಗಿ ಮಾಡಿದ ಯಂತ್ರ ಅದು. ಕಚೇರಿಯ ಕಂಪ್ಯೂಟರ್ ಹೇಗಿರಬೇಕು ಎಂದು ಯುರೋಪಿನ ದೇಶಗಳ ಒಕ್ಕೂಟ 1990ರಲ್ಲಿ ಒಂದು ನಿಯಮ ಹೊರಡಿಸಿತು. ಕೀಬೋರ್ಡ್ ಪರದೆಯಿಂದ ಬೇರೆಯಾಗಿರಬೇಕು, ಕೆಲಸ ಮಾಡುವವರು ತಮಗೆ ಹಿತವಾದ ಭಂಗಿಯನ್ನು ಕಂಡುಕೊಳ್ಳುವಂತಿರಬೇಕು ಎಂಬುದು ಅದರಲ್ಲೊಂದು ಅಂಶ. ಕೈಯಲ್ಲಿ ಒಯ್ಯುವ ಯಂತ್ರಗಳನ್ನು ಆ ನಿಯಮದಿಂದ ಹೊರಗಿಟ್ಟರು. ಆದರೆ ಅವನ್ನು ಒಂದೇ ಮೇಜಿನಲ್ಲಿ ದೀರ್ಘಕಾಲ ಬಳಸದಿದ್ದರೆ ಮಾತ್ರ ಆ ವಿನಾಯಿತಿ. ದಿನವಿಡೀ ಬಳಸಿದರೆ ಲ್ಯಾಪ್‌ಟಾಪಿಗೂ ಪ್ರತ್ಯೇಕ ಕೀಬೋರ್ಡ್ ಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಅಷ್ಟು ದೂರ ಏಕೆ? ನಮ್ಮ ಹಿರಿಯರ ವ್ಯಾಸಪೀಠವನ್ನೇ ನೆನೆಸಿಕೊಳ್ಳಿ. ಗಂಟೆಗಟ್ಟಲೆ ಪುರಾಣ ಓದುವವರು ಗ್ರಂಥವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಪೀಠದ ಮೇಲೆ ಎತ್ತರಕ್ಕೆ, ಓರೆಯಾಗಿ ಇಟ್ಟು ಓದುತ್ತಿದ್ದರು. ಅದರಲ್ಲಿ ಗ್ರಂಥದ ಮೇಲಿನ ಗೌರವವೂ ಇತ್ತು, ಕುತ್ತಿಗೆಯ ಅನುಕೂಲವೂ ಇತ್ತು.

*2. ಬಗ್ಗಿದ ಕುತ್ತಿಗೆಗೆ ಏನಾಗುತ್ತದೆ?*

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕೂತಾಗ ಈ ಭಾರ ಬೆನ್ನುಮೂಳೆಯ ಮೇಲೆ ನೇರವಾಗಿ ಕೂರುತ್ತದೆ. ತಲೆ ಮುಂದಕ್ಕೆ ಬಾಗಿದಂತೆ ಅದನ್ನು ಹಿಂದಿನಿಂದ ಹಿಡಿದೆಳೆಯುವ ಕೆಲಸ ಕುತ್ತಿಗೆಯ ಸ್ನಾಯುಗಳಿಗೆ ಬೀಳುತ್ತದೆ. ತುಂಬಿದ ಕೊಡವನ್ನು ಮೈಗೆ ಒತ್ತಿಕೊಂಡು ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಇದು.

ಕೆನೆತ್ ಹನ್ಸ್‌ರಾಜ್ ಎಂಬ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕರು 2014ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ತಲೆ 15 ಡಿಗ್ರಿ ಬಾಗಿದರೆ ಕುತ್ತಿಗೆಯ ಮೇಲಿನ ಭಾರ ಸುಮಾರು 12 ಕಿಲೋ, 30 ಡಿಗ್ರಿಗೆ 18 ಕಿಲೋ, 60 ಡಿಗ್ರಿಗೆ 27 ಕಿಲೋ. ಇದು ಗಣಿತದ ಮಾದರಿಯಿಂದ ಬಂದ ಅಂದಾಜು, ರೋಗಿಗಳ ಮೇಲೆ ಅಳೆದದ್ದಲ್ಲ. ಆದರೂ ಬಾಗಿದಷ್ಟೂ ಭಾರ ಏರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಸಾಲದ್ದಕ್ಕೆ, ಬಗ್ಗಿದ ಭಂಗಿಯಲ್ಲಿ ನಾವು ಅಲುಗಾಡುವುದೂ ಇಲ್ಲ. ಬಿಡುವಿಲ್ಲದೆ ಬಿಗಿಹಿಡಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದು. ಸಂಜೆಯ ನೋವು ಅಲ್ಲಿಂದ ಬರುತ್ತದೆ.

*3. ತೊಡೆಯ ಮೇಲೆ ಇಟ್ಟುಕೊಳ್ಳುವವರಿಗೆ*

ಹೆಸರಿನಲ್ಲೇ ‘ಲ್ಯಾಪ್’ ಇದ್ದರೂ ತೊಡೆ ಅದಕ್ಕೆ ತಕ್ಕ ಜಾಗವಲ್ಲ. ದಿನಾ ಅದರ ಬಿಸಿ ತಗುಲಿದರೆ ತೊಡೆಯ ಚರ್ಮದ ಮೇಲೆ ಬಲೆಯಂಥ ಕಂದು ಕಲೆಗಳು ಮೂಡಬಹುದು. ಗಂಡಸರಿಗೆ ಇನ್ನೊಂದು ಮಾತು. 2005ರಲ್ಲಿ ನ್ಯೂಯಾರ್ಕಿನಲ್ಲಿ 29 ಯುವಕರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಾಗ ವೃಷಣಚೀಲದ ಉಷ್ಣತೆ ಎರಡೂವರೆ ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಿತ್ತು. ವೀರ್ಯಾಣು ಉತ್ಪತ್ತಿಗೆ ಆ ಭಾಗ ತಂಪಾಗಿರಬೇಕು. ಮಗುವಿನ ನಿರೀಕ್ಷೆಯಲ್ಲಿರುವವರು ತೊಡೆಯನ್ನು ಬಿಟ್ಟು ಮೇಜಿಗೆ ಬರುವುದು ಒಳ್ಳೆಯದು. ಹಾಸಿಗೆಯ ಮೇಲೆ ಇಟ್ಟರೆ ಗಾಳಿಯ ಕಿಂಡಿ ಮುಚ್ಚಿಕೊಂಡು ಯಂತ್ರವೂ ಕಾಯುತ್ತದೆ.

*4. ಏನೇನು ಬೇಕು? ಮೂರು ಮೆಟ್ಟಿಲು*

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ.

*ಮೊದಲ ಮೆಟ್ಟಿಲು: ಪ್ರತ್ಯೇಕ ಕೀಬೋರ್ಡ್ ಮತ್ತು ಮೌಸ್.* ವೈರ್ ಇರುವ ಜೋಡಿ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ. ಇದು ಬಂದ ಮೇಲೆ ಲ್ಯಾಪ್‌ಟಾಪನ್ನು ಗಟ್ಟಿಯಾದ ಪೆಟ್ಟಿಗೆ ಅಥವಾ ದಪ್ಪ ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ಎತ್ತಿ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಲಾಭ ಕೊಡುವ ಮೆಟ್ಟಿಲು ಇದೇ. ಅಂಕಿಗಳನ್ನು ಹೆಚ್ಚು ಒತ್ತದವರು ಬಲಗಡೆ ನಂಬರ್ ಪ್ಯಾಡ್ ಇಲ್ಲದ ಚಿಕ್ಕ ಕೀಬೋರ್ಡ್ ಕೊಳ್ಳಿ. ಆಗ ಮೌಸ್ ಹತ್ತಿರವಿರುತ್ತದೆ, ಬಲ ಹೆಗಲು ಹೊರಕ್ಕೆ ಚಾಚುವುದು ತಪ್ಪುತ್ತದೆ.

*ಎರಡನೇ ಮೆಟ್ಟಿಲು: ಮಾನಿಟರ್.* ಓದುವ, ಬರೆಯುವ, ಲೆಕ್ಕದ ಕೆಲಸಕ್ಕೆ 22ರಿಂದ 24 ಇಂಚು ಸಾಕು. ಅಕ್ಷರ ದೊಡ್ಡದಾಗಿ ಕಂಡರೆ ಮುಖ ತಾನಾಗಿಯೇ ಪರದೆಯಿಂದ ಹಿಂದೆ ಸರಿಯುತ್ತದೆ. ಕೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಇದೆಯೇ ನೋಡಿಕೊಳ್ಳಿ. ಯುಎಸ್‌ಬಿ-ಸಿ ಮಾತ್ರ ಇದ್ದರೆ ಅದು ಚಿತ್ರವನ್ನೂ ಕಳುಹಿಸುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿ. ಎಲ್ಲ ಯುಎಸ್‌ಬಿ-ಸಿ ಕಿಂಡಿಗಳೂ ಚಿತ್ರ ಕಳುಹಿಸುವುದಿಲ್ಲ.

*ಮೂರನೇ ಮೆಟ್ಟಿಲು: ಕುರ್ಚಿ.* ಎತ್ತರ ಬದಲಿಸಬಹುದಾದ, ಸೊಂಟಕ್ಕೆ ಒತ್ತಾಸೆ ಇರುವ ಕುರ್ಚಿ. ಇದಕ್ಕೆ ಜಾಗವೂ ಹಣವೂ ಹೆಚ್ಚು ಬೇಕು. ಅಲ್ಲಿಯವರೆಗೆ ಊಟದ ಕುರ್ಚಿಗೆ ಒಂದು ಗಟ್ಟಿ ದಿಂಬು, ಸೊಂಟದ ಹಿಂದೆ ಸುತ್ತಿದ ಟವೆಲ್ ಸಾಕು.

‘ಮನೆಯಲ್ಲಿ ಟಿವಿ ಇದೆಯಲ್ಲ, ಅದಕ್ಕೇ ಜೋಡಿಸಿದರಾಯಿತು’ ಎನ್ನುವವರಿದ್ದಾರೆ. ವಿಡಿಯೋ ಕಾಲಿಗೆ, ಪಾಠ ಕೇಳುವುದಕ್ಕೆ ಅದು ಚೆನ್ನ. ದಿನವಿಡೀ ಅಕ್ಷರ ಓದುವ ಕೆಲಸಕ್ಕಲ್ಲ. ಕಡಿಮೆ ಬೆಲೆಯ 32 ಇಂಚಿನ ಟಿವಿಗಳಲ್ಲಿ ಅನೇಕವಕ್ಕೆ ಅಕ್ಷರವನ್ನು ಸ್ಪಷ್ಟವಾಗಿ ತೋರಿಸುವಷ್ಟು ಚುಕ್ಕೆಗಳಿಲ್ಲ. ಹತ್ತಿರ ಕೂತರೆ ಅಕ್ಷರದ ಅಂಚು ಮಸುಕಾಗಿ ಕಣ್ಣು ದಣಿಯುತ್ತದೆ. ಗೋಡೆಯ ಮೇಲೆ ಎತ್ತರದಲ್ಲಿದ್ದರೆ ಕತ್ತು ಮೇಲಕ್ಕೆತ್ತಬೇಕಾಗುತ್ತದೆ. ಅದು ಬಗ್ಗಿಸುವುದಕ್ಕಿಂತ ಒಳ್ಳೆಯದೇನಲ್ಲ.

*5. ಜೋಡಿಸುವ ಕ್ರಮ: ಕೆಳಗಿನಿಂದ ಮೇಲಕ್ಕೆ*

ಹೆಚ್ಚಿನವರು ಮೊದಲು ಪರದೆಯನ್ನು ಸರಿಮಾಡುತ್ತಾರೆ. ಸರಿಯಾದ ಕ್ರಮ ಕುರ್ಚಿಯಿಂದ ಶುರುವಾಗುತ್ತದೆ.

*ಕುರ್ಚಿ:* ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂಟಿಮೀಟರ್ ಆಸುಪಾಸು. ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಹೆಚ್ಚು. ಹೆಗಲು ಎತ್ತಿಕೊಂಡು ಟೈಪ್ ಮಾಡಬೇಕಾಗುತ್ತದೆ. ಹೆಗಲನ್ನು ಸಡಿಲವಾಗಿ ಇಳಿಬಿಟ್ಟು, ಮೊಣಕೈಯನ್ನು ಮೈಪಕ್ಕಕ್ಕೆ ಇಟ್ಟಾಗ ಮುಂಗೈ ಮೇಜಿನ ಮಟ್ಟಕ್ಕೆ ಬರಬೇಕು. ಬರದಿದ್ದರೆ ಕುರ್ಚಿಯನ್ನು ಎತ್ತರಿಸಿ ಅಥವಾ ದಿಂಬು ಹಾಕಿಕೊಳ್ಳಿ.

*ಪಾದ:* ಕುರ್ಚಿ ಎತ್ತರವಾದರೆ ಪಾದ ನೇತಾಡುತ್ತದೆ, ತೊಡೆಯ ಹಿಂಭಾಗ ಒತ್ತಿ ಕಾಲು ಜುಮ್ಮೆನ್ನುತ್ತದೆ. ಪಾದದ ಕೆಳಗೆ ಬಳಸದ ಹಳೆಯ ಮಣೆ ಅಥವಾ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ಇಡಿ. ಪಾದ ಪೂರ್ತಿ ಊರಬೇಕು.

*ಕೀಬೋರ್ಡ್ ಮತ್ತು ಮೌಸ್:* ಎರಡೂ ಒಂದೇ ಮಟ್ಟದಲ್ಲಿ, ಅಕ್ಕಪಕ್ಕ. ಮೊಣಕೈ 90 ಡಿಗ್ರಿ ಅಥವಾ ಸ್ವಲ್ಪ ಹೆಚ್ಚು ತೆರೆದಿರಲಿ. ಮಣಿಕಟ್ಟು ನೇರವಾಗಿರಲಿ, ಮೇಲಕ್ಕೆ ಬಾಗದಿರಲಿ. ಕೀಬೋರ್ಡಿನ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವು ತೆರೆದಿದ್ದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ.

*ಪರದೆ:* ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಷ್ಟು ದೂರ. ಅಳತೆಯಲ್ಲಿ ಹೇಳುವುದಾದರೆ 50 ಸೆಂಟಿಮೀಟರಿಗೆ ಕಡಿಮೆ ಬೇಡ, 100ಕ್ಕೆ ಹೆಚ್ಚು ಬೇಡ. ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ. ಕಡಿಮೆ ಬೆಲೆಯ ಮಾನಿಟರುಗಳ ಎತ್ತರ ಬದಲಿಸಲು ಆಗದು. ಎ4 ಕಾಗದದ ಬಂಡಲುಗಳನ್ನು ಕೆಳಗಿಟ್ಟರೆ ಆಯಿತು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ಪುಸ್ತಕದ ಗೋಪುರ ಬೇಡ. ಮಗು ವೈರ್ ಎಳೆದರೆ ಮಾನಿಟರ್ ಮೈಮೇಲೆ ಬೀಳಬಹುದು. ಮೇಜಿನ ಗೋಡೆ ಬದಿಗೆ ಸರಿಸಿ ಭದ್ರವಾಗಿ ಇಡಿ, ವೈರನ್ನು ಹಿಂದಕ್ಕೆ ಕಟ್ಟಿ.

*6. ಮಾನಿಟರ್ ಕೊಂಡ ಮೇಲೂ ನೋವು ಏಕೆ?*

ಹಣ ಕೊಟ್ಟು ಮಾನಿಟರ್ ತಂದ ಎಷ್ಟೋ ಮನೆಗಳಲ್ಲಿ ಈ ಮೂರು ತಪ್ಪುಗಳಲ್ಲಿ ಒಂದಾದರೂ ಇರುತ್ತದೆ.

*ಮೊದಲನೆಯದು, ಮಾನಿಟರ್ ಪಕ್ಕದಲ್ಲಿ ಇರುವುದು.* ಲ್ಯಾಪ್‌ಟಾಪ್ ಎದುರಿಗೆ, ಮಾನಿಟರ್ ಎಡಕ್ಕೋ ಬಲಕ್ಕೋ. ಕೆಲಸವೆಲ್ಲ ಮಾನಿಟರಿನಲ್ಲಿ. ಕುತ್ತಿಗೆ ದಿನವಿಡೀ ಒಂದೇ ಕಡೆ ತಿರುಗಿರುತ್ತದೆ. ನೋವು ಒಂದೇ ಪಕ್ಕದಲ್ಲಿ ಬರುತ್ತಿದ್ದರೆ ಮೊದಲು ಇದನ್ನು ನೋಡಿ. ಹೆಚ್ಚು ನೋಡುವ ಪರದೆ ಮೂಗಿನ ನೇರಕ್ಕೆ ಇರಬೇಕು, ಕಡಿಮೆ ನೋಡುವುದು ಪಕ್ಕದಲ್ಲಿ. ಎರಡನ್ನೂ ಸಮಾನವಾಗಿ ಬಳಸುವವರು ಎರಡು ಪರದೆಗಳ ಅಂಚು ಕೂಡುವ ಗೆರೆಯನ್ನು ಮೂಗಿನ ನೇರಕ್ಕೆ ತಂದುಕೊಳ್ಳಿ.

*ಎರಡನೆಯದು, ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲೇ ಟೈಪ್ ಮಾಡುವುದು.* ಮಾನಿಟರ್ ಲ್ಯಾಪ್‌ಟಾಪಿನ ಹಿಂದೆ ದೂರಕ್ಕೆ ಹೋಗುತ್ತದೆ. ಅಕ್ಷರ ಕಾಣಲು ನಾವು ಆಮೆಯಂತೆ ಕತ್ತು ಮುಂದೆ ಚಾಚುತ್ತೇವೆ. ಮಾನಿಟರ್ ತಂದವರು ಕೀಬೋರ್ಡನ್ನೂ ತರಲೇಬೇಕು.

*ಮೂರನೆಯದು, ಕನ್ನಡಕ.* ನಲವತ್ತು ದಾಟಿದ ಮೇಲೆ ಹತ್ತಿರದ ದೃಷ್ಟಿ ಮಂದವಾಗುತ್ತದೆ. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕದಲ್ಲಿ ಓದುವ ಭಾಗ ಕೆಳಗಿರುತ್ತದೆ. ಪರದೆ ಎತ್ತರದಲ್ಲಿದ್ದರೆ ಆ ಭಾಗದಿಂದ ನೋಡಲು ಗಲ್ಲ ಮೇಲೆತ್ತಬೇಕು. ದಿನವಿಡೀ ಹೀಗೆ ಮಾಡಿದರೆ ಕುತ್ತಿಗೆಯ ಹಿಂಭಾಗ ನೋಯುತ್ತದೆ. ಇಂಥವರು ಎಲ್ಲರಿಗೂ ಹೇಳುವ ‘ಮೇಲಂಚು ಕಣ್ಣಿನ ಮಟ್ಟ’ದ ನಿಯಮವನ್ನು ಬಿಟ್ಟು ಪರದೆಯನ್ನು ಇನ್ನೂ ಕೆಳಕ್ಕೆ ಇಳಿಸಿ, ಸ್ವಲ್ಪ ಹಿಂದಕ್ಕೆ ಓರೆ ಮಾಡಿ. ಕಣ್ಣಿನ ಪರೀಕ್ಷೆಗೆ ಹೋಗುವಾಗ ಕಣ್ಣಿಗೂ ಪರದೆಗೂ ಇರುವ ದೂರವನ್ನು ಅಳೆದುಕೊಂಡು ಹೋಗಿ. ಆ ದೂರಕ್ಕೇ ಹೊಂದುವ ಕಂಪ್ಯೂಟರ್ ಕನ್ನಡಕ ಮಾಡಿಕೊಡುತ್ತಾರೆ.

*7. ಕಣ್ಣಿನ ಆರೈಕೆ*

ಸುಮ್ಮನಿದ್ದಾಗ ನಾವು ನಿಮಿಷಕ್ಕೆ ಹದಿನೈದಿಪ್ಪತ್ತು ಬಾರಿ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಕಣ್ಣೀರಿನ ತೆಳು ಪದರ ಆರಿಹೋಗಿ ಉರಿ, ಮಸುಕು, ಮರಳು ಬಿದ್ದಂತೆ ಚುಚ್ಚುವಿಕೆ ಶುರುವಾಗುತ್ತವೆ. ಪರದೆ ತೀರ ಎತ್ತರದಲ್ಲಿದ್ದರೆ ಕಣ್ಣು ಹೆಚ್ಚು ಅಗಲಕ್ಕೆ ತೆರೆದು ಇನ್ನೂ ಬೇಗ ಆರುತ್ತದೆ. ಪರದೆ ಕಣ್ಣಿಗಿಂತ ತುಸು ಕೆಳಗಿರಲಿ ಎನ್ನಲು ಇದೂ ಒಂದು ಕಾರಣ.

• ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಎದುರು ಕಟ್ಟಡದ ಬಾಲ್ಕನಿಯ ತುಳಸಿ ಗಿಡ ನೋಡಿದರೂ ಸಾಕು. ನೋಡುತ್ತ ನಾಲ್ಕೈದು ಸಲ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ.
• ಕಿಟಕಿ ಪರದೆಯ ಹಿಂದೆಯೂ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ. ಪಕ್ಕದಲ್ಲಿರಲಿ.
• ಪರದೆಯ ಪಕ್ಕ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆ ಹಾಳೆಗಿಂತ ದೀಪದಂತೆ ಹೊಳೆದರೆ ಬೆಳಕು ತಗ್ಗಿಸಿ. ಬೂದು ಬಣ್ಣಕ್ಕೆ ಕಂಡರೆ ಏರಿಸಿ.
• ಅಕ್ಷರದ ಗಾತ್ರವನ್ನು ಸೆಟಿಂಗ್ಸ್‌ನಲ್ಲಿ 125 ಪ್ರತಿಶತಕ್ಕೆ ಏರಿಸಿ ನೋಡಿ.
• ಎಸಿ, ಟೇಬಲ್ ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ.

ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹೆಚ್ಚು ಹಣ ಕೊಡಬೇಕೇ ಎಂದು ಅನೇಕರು ಕೇಳುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಬಂದ ಕಾಕ್ರೇನ್ ವಿಮರ್ಶೆಯ ಪ್ರಕಾರ, ಅಲ್ಪಾವಧಿಯಲ್ಲಿ ಕಣ್ಣಿನ ದಣಿವು ಕಡಿಮೆ ಮಾಡುವುದರಲ್ಲಿ ಅವು ಮಾಮೂಲಿ ಕನ್ನಡಕಕ್ಕಿಂತ ಹೆಚ್ಚಿನದೇನನ್ನೂ ಮಾಡಲಾರವು. ಆ ಹಣ ಒಳ್ಳೆಯ ಕೀಬೋರ್ಡಿಗೆ ಆಗುತ್ತದೆ.

*8. ಯಂತ್ರದ ಕಡೆಯಿಂದ ನಾಲ್ಕು ಎಚ್ಚರಿಕೆ*

*ಮುಚ್ಚಿ ಬಳಸುವುದು:* ಮೇಜು ಚಿಕ್ಕದಿದ್ದರೆ ಲ್ಯಾಪ್‌ಟಾಪನ್ನು ಮುಚ್ಚಿ ಪಕ್ಕದಲ್ಲಿಟ್ಟು ಮಾನಿಟರಿನಲ್ಲೇ ಕೆಲಸ ಮಾಡಬಹುದು. ವಿಂಡೋಸ್‌ನಲ್ಲಿ ಪವರ್ ಆಯ್ಕೆಗಳಿಗೆ ಹೋಗಿ, ಮುಚ್ಚಿದಾಗ ‘ಏನೂ ಮಾಡಬೇಡ’ ಎಂಬ ಆಯ್ಕೆಯನ್ನು ಚಾರ್ಜರ್ ಹಾಕಿದ ಸ್ಥಿತಿಗೆ ಮಾತ್ರ ಕೊಡಿ. ವಿಂಡೋಸ್ ಕೀ ಜೊತೆ ಪಿ ಒತ್ತಿದರೆ ಯಾವ ಪರದೆಯಲ್ಲಿ ಚಿತ್ರ ಬರಬೇಕು ಎಂದು ಆರಿಸಬಹುದು. ಮ್ಯಾಕ್‌ಬುಕ್ ಇರುವವರು ಚಾರ್ಜರ್, ಪ್ರತ್ಯೇಕ ಕೀಬೋರ್ಡ್, ಮೌಸ್ ಜೋಡಿಸಿ ಮುಚ್ಚಿ. ಮುಚ್ಚಿದಾಗ ತುಂಬ ಬಿಸಿಯಾದರೆ ಸ್ವಲ್ಪ ತೆರೆದಿಡಿ.

*ಬ್ಯಾಟರಿ:* ಸದಾ ಚಾರ್ಜರಿನಲ್ಲಿದ್ದು, ಸದಾ ಪೂರ್ತಿ ತುಂಬಿ, ಸದಾ ಬಿಸಿಯಾಗಿರುವ ಲಿಥಿಯಂ ಬ್ಯಾಟರಿ ಬೇಗ ಹಳತಾಗುತ್ತದೆ. 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಅನೇಕ ಲ್ಯಾಪ್‌ಟಾಪುಗಳಲ್ಲಿದೆ, ಬಳಸಿಕೊಳ್ಳಿ.

*ಉಬ್ಬಿದ ಬ್ಯಾಟರಿ:* ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ತಳ ಅಲ್ಲಾಡಿದರೆ ಬ್ಯಾಟರಿ ಉಬ್ಬಿರಬಹುದು. ಚಾರ್ಜರ್ ತೆಗೆಯಿರಿ, ಬಳಕೆ ನಿಲ್ಲಿಸಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ. ಒತ್ತಬೇಡಿ, ಚುಚ್ಚಬೇಡಿ. ಬೆಂಕಿಯ ಅಪಾಯವಿದೆ.

*ಅರ್ಥಿಂಗ್:* ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಜುಮ್ ಎನ್ನುತ್ತದೆಯೇ? ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಬಳಸಬೇಡಿ. ಹಳೆಯ ಕಟ್ಟಡಗಳಲ್ಲಿ ಸಾಕೆಟ್‌ನಲ್ಲಿ ಮೂರು ತೂತಿದ್ದರೂ ಒಳಗೆ ಅರ್ಥ್ ತಂತಿ ಇಲ್ಲದಿರಬಹುದು. ಮಳೆಗಾಲಕ್ಕೆ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

*9. ಮನೆಮಂದಿಗೆಲ್ಲ ಒಂದೇ ಮೇಜು*

ಬೆಳಿಗ್ಗೆ ಅಪ್ಪನ ಆಫೀಸು, ಮಧ್ಯಾಹ್ನ ಅಮ್ಮನ ಕೆಲಸ, ಸಂಜೆ ಮಗಳ ಪ್ರಾಜೆಕ್ಟು, ಭಾನುವಾರ ಅಜ್ಜಿ ಊರಿನವರ ಜೊತೆ ವಿಡಿಯೋ ಕಾಲು. ಒಬ್ಬರಿಗೆ ಹೊಂದಿಸಿದ ಎತ್ತರ ಇನ್ನೊಬ್ಬರಿಗೆ ಹೊಂದದು. ಎಲ್ಲರಿಗೂ ಒಮ್ಮೆ ಅಳತೆ ನೋಡಿ ಗುರುತು ಮಾಡಿಬಿಡಿ. ‘ಅಪ್ಪ: ಮಾನಿಟರ್ ಕೆಳಗೆ ಎರಡು ಬಂಡಲು. ಅಮ್ಮ: ಒಂದು ಬಂಡಲು, ಕಾಲಿಗೆ ಸ್ಟೂಲು. ಮಗಳು: ಬಂಡಲು ಬೇಡ, ದಿಂಬು ಮತ್ತು ಸ್ಟೂಲು’ ಎಂದು ಚೀಟಿ ಬರೆದು ಮಾನಿಟರಿನ ಹಿಂದೆ ಅಂಟಿಸಿ. ಬದಲಿಸಲು ಒಂದು ನಿಮಿಷವೂ ಬೇಡ.

ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಹೊರಗೆ ಹಗಲು ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ದೂರದೃಷ್ಟಿ ಮಂದವಾಗುವ ತೊಂದರೆ ಶುರುವಾಗುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ಒಳ್ಳೆಯ ಮಾನಿಟರ್ ಕೊಡಿಸಿದರೂ ಆಟದ ಹೊತ್ತನ್ನು ಕಿತ್ತುಕೊಳ್ಳಬೇಡಿ.

*10. ಸರಿಯಾಗಿ ಕೂತರೂ ಏಳಬೇಕು*

ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಅದರಲ್ಲೇ ಇದ್ದರೆ ದೇಹ ದಣಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ನಡೆಯಿರಿ. ಫೋನ್ ಕರೆ ಬಂದರೆ ನಿಂತು ಮಾತಾಡಿ. ನೀರಿನ ಬಾಟಲಿಯನ್ನು ಮೇಜಿನ ಮೇಲಿಡದೆ ಅಡುಗೆಮನೆಯಲ್ಲಿಡಿ, ಕುಡಿಯಲು ಏಳಲೇಬೇಕಾಗುತ್ತದೆ.

ಕುರ್ಚಿಯಲ್ಲೇ ಮಾಡುವ ಮೂರು ಸರಳ ವ್ಯಾಯಾಮ:

• *ಗಲ್ಲ ಹಿಂದಕ್ಕೆ:* ನೇರ ನೋಡುತ್ತ, ತಲೆ ಬಗ್ಗಿಸದೆ, ಗಲ್ಲವನ್ನು ಹಿಂದಕ್ಕೆ ಎಳೆದುಕೊಳ್ಳಿ. 5 ಎಣಿಸಿ ಬಿಡಿ. 10 ಬಾರಿ.
• *ಹೆಗಲ ಹಲಗೆ ಕೂಡಿಸುವುದು:* ಎರಡು ಹೆಗಲ ಹಲಗೆಗಳ ನಡುವೆ ಪೆನ್ಸಿಲ್ ಹಿಡಿದಂತೆ ಹಿಂದಕ್ಕೆ ಒತ್ತಿ. 5 ಎಣಿಸಿ ಬಿಡಿ. 10 ಬಾರಿ.
• *ಮಣಿಕಟ್ಟು:* ಕೈ ಮುಂದೆ ಚಾಚಿ, ಅಂಗೈ ಕೆಳಮುಖ ಮಾಡಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೂ ಕೆಳಕ್ಕೂ ಎಳೆಯಿರಿ. ತಲಾ 15 ಸೆಕೆಂಡು.

ಹಿತವಾದ ಎಳೆತ ಸರಿ, ನೋವು ಸರಿಯಲ್ಲ. ಮಾಡುವಾಗ ತೋಳಿಗೆ ನೋವು ಹರಿದರೆ ಅಲ್ಲೇ ನಿಲ್ಲಿಸಿ. ಸಲೂನಿನಲ್ಲಿ ಕತ್ತು ತಿರುವಿ ‘ಲಟಕ್’ ಎನ್ನಿಸಿಕೊಳ್ಳುವುದು ಬೇಡವೇ ಬೇಡ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹೀಗೆ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

*11. ಯಾವಾಗ ವೈದ್ಯರ ಬಳಿ ಹೋಗಬೇಕು?*

ಮೇಜು ಸರಿಮಾಡಿ ಎರಡು ಮೂರು ವಾರವಾದರೂ ನೋವು ಇಳಿಯದಿದ್ದರೆ ತೋರಿಸಿಕೊಳ್ಳಿ. ಈ ಕೆಳಗಿನವು ಇದ್ದರೆ ಕಾಯಬೇಡಿ:

• ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಬಂದು ರಾತ್ರಿ ಎಚ್ಚರವಾಗುವುದು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಬೇಗ ತೋರಿಸಿದರೆ ಸುಲಭದಲ್ಲಿ ಮುಗಿಯಬಹುದು.
• ಕುತ್ತಿಗೆಯಿಂದ ತೋಳಿಗೆ ಕರೆಂಟ್ ಹೊಡೆದಂತೆ ಹರಿಯುವ ನೋವು.
• ಲೋಟ ಜಾರುವುದು, ಗುಂಡಿ ಹಾಕಲು ಆಗದಿರುವುದು, ಕೈಯಲ್ಲಿ ಬಲ ಕುಗ್ಗುವುದು.
• ನಡಿಗೆ ತೂರಾಡುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು. ಇದು ತುರ್ತು. ಅದೇ ದಿನ ಆಸ್ಪತ್ರೆಗೆ ಹೋಗಿ.
• ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು.

ಅತಿ ಮುಖ್ಯವಾದ ಮಾತು: ಎಡ ತೋಳು, ಹೆಗಲು, ದವಡೆಯ ನೋವಿನ ಜೊತೆ ಎದೆ ಹಿಂಡಿದಂತಾಗುವುದು, ಬೆವರು, ಉಸಿರು ಕಟ್ಟುವುದು, ವಾಕರಿಕೆ ಇದ್ದರೆ ‘ಲ್ಯಾಪ್‌ಟಾಪಿನ ನೋವು’ ಎಂದು ಮುಲಾಮು ಹಚ್ಚಿಕೊಂಡು ಮಲಗಬೇಡಿ. ಅದು ಹೃದಯದ ನೋವಾಗಿರಬಹುದು. ತಕ್ಷಣ 108ಕ್ಕೋ 112ಕ್ಕೋ ಕರೆಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಪರಊರಿನಲ್ಲಿ ವೈದ್ಯರಿಗೆ ನೋವನ್ನು ವಿವರಿಸುವುದೇ ಒಂದು ಕಷ್ಟ. ‘ನೋವು’ ಮತ್ತು ‘ಜೋಮು’ ಬೇರೆ ಬೇರೆ; ಎಲ್ಲವನ್ನೂ ‘ದರ್ದ್’ ಎಂದುಬಿಟ್ಟರೆ ನರದ ತೊಂದರೆ ವೈದ್ಯರ ಗಮನಕ್ಕೆ ಬಾರದೆ ಹೋಗಬಹುದು. ಜೋಮಿಗೆ ಹಿಂದಿಯಲ್ಲಿ ‘ಝುನಝುನಿ’, ಪೂರ್ತಿ ಮರಗಟ್ಟಿದ್ದರೆ ‘ಸುನ್ನ್’. ಮರಾಠಿಯಲ್ಲಿ ‘ಮುಂಗ್ಯಾ ಯೇತಾತ್’, ಅಂದರೆ ಇರುವೆ ಹರಿದಂತೆ. ತೆಲುಗಿನಲ್ಲಿ ‘ತಿಮ್ಮಿರಿ’. ತಮಿಳಿನಲ್ಲಿ ‘ಮರತ್ತುಪ್ಪೋಚ್ಚು’. ಊರಿನಿಂದ ಬಂದಿರುವ ಅಪ್ಪ ಅಮ್ಮನ ಫೋನಿನಲ್ಲೂ ಇದನ್ನು ಬರೆದಿಟ್ಟುಕೊಡಿ. ಯಾವ ಬೆರಳು, ಯಾವ ಹೊತ್ತು, ಎಷ್ಟು ದಿನದಿಂದ ಎಂದೂ ಬರೆದುಕೊಂಡು ಹೋಗಿ.

*ಇಂದೇ ಮಾಡಿ ನೋಡಿ*

1. ಮನೆಯವರೊಬ್ಬರಿಗೆ ಹೇಳಿ, ನೀವು ಕೆಲಸ ಮಾಡುವಾಗ ನಿಮಗೆ ತಿಳಿಯದಂತೆ ಪಕ್ಕದಿಂದ ಒಂದು ಫೋಟೋ ತೆಗೆಸಿ. ಕಿವಿ ಹೆಗಲಿನ ನೇರಕ್ಕಿದೆಯೇ, ಮುಂದಕ್ಕೆ ಹೋಗಿದೆಯೇ ನೋಡಿ.
2. ಹೆಗಲು ಸಡಿಲ, ಮೊಣಕೈ ಮೇಜಿನ ಮಟ್ಟ, ಪಾದ ನೆಲ ಅಥವಾ ಸ್ಟೂಲಿನ ಮೇಲೆ. ಮೂರೂ ಇದೆಯೇ?
3. ಹೆಚ್ಚು ನೋಡುವ ಪರದೆ ಮೂಗಿನ ನೇರಕ್ಕಿದೆಯೇ?
4. ಪ್ರತ್ಯೇಕ ಕೀಬೋರ್ಡ್ ಇಲ್ಲದಿದ್ದರೆ ಈ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಅದನ್ನೂ ಸೇರಿಸಿ.

ಇಡೀ ಪಾಠದಲ್ಲಿ ಒಂದೇ ವಾಕ್ಯ ನೆನಪಿಡುವುದಾದರೆ ಇದು: *ಪರದೆ ಕಣ್ಣಿಗೆ, ಕೀಬೋರ್ಡ್ ಮೊಣಕೈಗೆ. ಎರಡನ್ನೂ ಬೇರೆ ಮಾಡಿ.*

ನಾವು ಊರು ಬಿಟ್ಟು ಬಂದದ್ದು ದುಡಿಯುವುದಕ್ಕೆ. ಆ ದುಡಿಮೆ ಇನ್ನೂ ಇಪ್ಪತ್ತು ಮೂವತ್ತು ವರ್ಷ ನಡೆಯಬೇಕು. ಅಷ್ಟೂ ವರ್ಷ ಕತ್ತು, ಕಣ್ಣು, ಕೈ ಜೊತೆಗಿರಬೇಕು.

ಇದು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಸಲಹೆಗೆ ಬದಲಿಯಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವ ನಿಮ್ಮ ಬಂಧುಬಳಗಕ್ಕೆ ಇದನ್ನು ಕಳುಹಿಸಿ. ಅವರು ಓದಿದರೋ ಇಲ್ಲವೋ ಎಂದು ಒಮ್ಮೆ ಫೋನ್ ಮಾಡಿ ಕೇಳಿ. ಮಾತಾಡುವಾಗ ಮಾತ್ರ ಎದ್ದು ನಡೆಯುತ್ತ ಮಾತಾಡಿ.